ಲ್ಯಾಬ್ ಅಕ್ಕನ ಕೋಡ್ ಫೋನು

ಆ ಮಂಗಳವಾರ ಬೆಳಗ್ಗೆ ಹತ್ತು ನಲವತ್ತಕ್ಕೆ ಲ್ಯಾಬ್ ಅಕ್ಕನ ಹಳೇ ಗುಂಡಿ ಫೋನು ಮೇಜಿನ ಮೇಲೆ ಗುಂಯ್ ಎಂದಿತು. ತೆಗೆದು ನೋಡಿದರೆ ಆರು ಅಂಕಿಗಳ ಕೋಡು. ಇದರಲ್ಲಿ ವಿಶೇಷವೇನೂ ಇರಲಿಲ್ಲ, ಆ ಫೋನು ಇದ್ದದ್ದೇ ಅದಕ್ಕೆ. ಯಾರೋ ವಿದ್ಯಾರ್ಥಿ ತನ್ನ ಇ-ಮೇಲಿನ ಪಾಸ್‌ವರ್ಡ್ ಮರೆತಿರುತ್ತಾನೆ, 'ಮರೆತಿದ್ದೇನೆ' ಅನ್ನುವ ಕಡೆ ಒತ್ತಿರುತ್ತಾನೆ, ಕೋಡು ಅಕ್ಕನ ಫೋನಿಗೆ ಬರುತ್ತದೆ, ಅಕ್ಕ ಅದನ್ನು ಗಟ್ಟಿಯಾಗಿ ಓದುತ್ತಾಳೆ. ವಿಶೇಷವೇನೆಂದರೆ ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲ ಬ್ಯಾಚು ಬರುವುದು ಹನ್ನೊಂದೂವರೆಗೆ. ನಲವತ್ತು ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು, ಅಕ್ಕ ಒಂದೊಂದರ ಹೊದಿಕೆ ತೆಗೆದು ಮಡಿಸಿಡುತ್ತಿದ್ದಳು.

ಯಾರೋ ಮನೆಯಿಂದ ಒತ್ತಿರಬೇಕು, ಈಗ ಫೋನ್ ಮಾಡುತ್ತಾರೆ ಎಂದು ಕಾದಳು. ಯಾರೂ ಮಾಡಲಿಲ್ಲ. ಐದು ನಿಮಿಷಕ್ಕೆ ಇನ್ನೊಂದು ಕೋಡು ಬಂತು. ಆಮೇಲೆ ಮೂರನೆಯದು. ಮುಚ್ಚಿದ ಬಾಗಿಲನ್ನು ಯಾರೋ ಹೊರಗಿನಿಂದ ಮೆಲ್ಲಗೆ ತಳ್ಳಿ ನೋಡುತ್ತಿರುವ ಹಾಗೆ ಅವಳಿಗೆ ಅನ್ನಿಸಿತು. ಕೋಡಿನ ಜೊತೆ ಅದು ಯಾರದು ಅನ್ನುವುದು ಬರುವುದಿಲ್ಲ, ಬರೀ ಅಂಕಿ.

ಈ ಅಕ್ಕನ ವಿಷಯ ಸ್ವಲ್ಪ ಹೇಳಬೇಕು. ಹದಿನೆಂಟು ವರ್ಷದ ಹಿಂದೆ ಟೈಪಿಂಗ್ ಪಾಸಾದ ಸರ್ಟಿಫಿಕೇಟು ಹಿಡಿದುಕೊಂಡು ಈ ಕಾಲೇಜಿಗೆ ಬಂದವಳು. ತಾತ್ಕಾಲಿಕ ಅಂದರು, ಹೂಂ ಅಂದಳು. ತಾತ್ಕಾಲಿಕ ಅನ್ನುವ ಮಾತಿಗೆ ಹದಿನೆಂಟು ವರ್ಷದ ಆಯುಸ್ಸಿದೆ ಅಂತ ಆಗ ಅವಳಿಗೆ ಯಾರೂ ಹೇಳಿರಲಿಲ್ಲ. ಕಂಪ್ಯೂಟರನ್ನು ಯಾರೂ ಕಲಿಸಲಿಲ್ಲ, ತಾನೇ ಕೆಡಿಸಿ ಕೆಡಿಸಿ ಕಲಿತಳು. ನಲವತ್ತು ಮಷೀನುಗಳಲ್ಲಿ ಯಾವುದು ಮುನಿಸಿಕೊಳ್ಳುತ್ತದೆ, ಯಾವುದರ ಮೌಸಿಗೆ ತಲೆ ಕೆಟ್ಟಿದೆ, ಯಾವುದನ್ನು ಮಗ್ಗುಲಿಗೆ ತಟ್ಟಿದರೆ ಎದ್ದು ಕೂರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಮಕ್ಕಳ ಹೆಸರು ಮಾತ್ರ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಯಾವ ಮಷೀನಿನಲ್ಲಿ ಕೂರುತ್ತಾರೋ ಅದೇ ಅವರ ಹೆಸರು. 'ಏ ಒಂಬತ್ತು, ಕಾಲು ಕೆಳಗಿಡು', 'ಇಪ್ಪತ್ತೆರಡು, ನಿನ್ನ ಅಣ್ಣನೂ ಇಲ್ಲೇ ಕೂತು ಇದೇ ತಪ್ಪು ಮಾಡ್ತಿದ್ದ' ಎಂದು ಗದರುವಳು. ಮಕ್ಕಳಿಗೂ ಅದರಲ್ಲಿ ಏನೋ ಸಲಿಗೆ.

ಪರದೆಯ ಮುಂದೆ ಯಾರಾದರೂ ದಿಕ್ಕು ತೋಚದೆ ಕೂತರೆ ಅವಳಿಗೆ ಸಹಿಸಲು ಆಗುತ್ತಿರಲಿಲ್ಲ. ಅವಳ ಒಳ್ಳೆಯ ಗುಣವೂ ಅದೇ, ಅವಳು ಮಾಡಿದ ದೊಡ್ಡ ತಪ್ಪಿಗೆ ಮೂಲವೂ ಅದೇ. ಕಾಲೇಜಿಗೆ ಸೇರುವ ಅರ್ಜಿಯಲ್ಲಿ ಇ-ಮೇಲ್ ವಿಳಾಸ ಕಡ್ಡಾಯ. ಹೊಸದಾಗಿ ಸೇರುವ ಮಕ್ಕಳಲ್ಲಿ ಅರ್ಧ ಜನಕ್ಕೆ ಅದು ಇರುವುದಿಲ್ಲ. ಅಕ್ಕ ಪಕ್ಕದಲ್ಲಿ ಕೂತು ಮಾಡಿಕೊಡುವಳು. ಕೊನೆಯಲ್ಲಿ, ಪಾಸ್‌ವರ್ಡ್ ಮರೆತರೆ ಕೋಡು ಕಳಿಸಲು ಒಂದು ಫೋನ್ ನಂಬರು ಕೊಡಿ ಎಂದು ಅದು ಕೇಳುತ್ತದೆ. ಮನೆಗೆಲ್ಲ ಸೇರಿ ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಕೆಲಸದಲ್ಲಿ. ಹೊರಗೆ ಬಾಗಿಲವರೆಗೂ ಸಾಲು ನಿಂತಿದೆ. 'ಇರಲಿ, ನನ್ನದೇ ಹಾಕ್ತೀನಿ' ಎಂದು ಅಕ್ಕ ತನ್ನ ನಂಬರು ಹಾಕಿಬಿಡುವಳು. ಮೊದಲ ವರ್ಷ ಹತ್ತು ಮಕ್ಕಳಿಗೆ ಹಾಕಿದಳು, ಆಮೇಲೆ ಅದೇ ರೂಢಿಯಾಯಿತು. ಈಗ ಓದುತ್ತಿರುವವರಲ್ಲೇ ಸುಮಾರು ನಾನೂರು ಮಕ್ಕಳ ಖಾತೆಗೆ ಅವಳ ಗುಂಡಿ ಫೋನಿನ ನಂಬರೇ ಗತಿ. ಅದಕ್ಕೆ ಕೋಡ್ ಫೋನು ಎಂದೇ ಹೆಸರು. ಊಟಕ್ಕೆ ಕೂತಾಗ ಗುಂಯ್ ಎಂದರೆ ಅವಳ ಗಂಡ, ದರ್ಜಿ, ಬಾಯಲ್ಲಿದ್ದ ತುತ್ತು ನುಂಗಿ, 'ನನ್ನ ಹೆಂಡ್ತಿಗೆ ನಾನೂರು ಮಕ್ಕಳು, ಒಂದಕ್ಕೂ ಜ್ಞಾಪಕಶಕ್ತಿ ಇಲ್ಲ' ಎನ್ನುವನು. ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಇದು ಉಪಕಾರ ಅಂತಲೇ ಅವಳು ತಿಳಿದಿದ್ದಳು. ತಪ್ಪು ಅನ್ನುವುದು ಉಪಕಾರದ ಬಟ್ಟೆ ತೊಟ್ಟು ಬಂದರೆ ಎಂಥವರಿಗೂ ಗುರುತು ಸಿಗುವುದಿಲ್ಲ ಬಿಡಿ.

ನಾಲ್ಕನೆಯ ಕೋಡು ಬರುವ ಹೊತ್ತಿಗೆ ಜವಾನನೂ ಬಂದ. ಪ್ರಿನ್ಸಿಪಾಲರು ಕರೆಯುತ್ತಿದ್ದಾರೆ, ಬರುವಾಗ ಆ ಗುಂಡಿ ಫೋನು ತರಬೇಕಂತೆ ಎಂದ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನೀವು ಓದುತ್ತ ಓದುತ್ತ ಅವರಿಗೊಂದು ಕೆಂಪು ಕಣ್ಣು ಬರೆದುಬಿಡುತ್ತೀರಿ. ಅಕ್ಕನ ಗಂಡ ಆಸ್ಪತ್ರೆಯಲ್ಲಿದ್ದಾಗ ಮೂರು ವಾರ ರಜೆ ಕೊಟ್ಟು, ಹಾಜರಿ ಪುಸ್ತಕದ ಕಡೆ ಕಣ್ಣೆತ್ತಿಯೂ ನೋಡದಿದ್ದವರು ಅವರೇ. ಅವಳ ನೌಕರಿ ಖಾಯಂ ಮಾಡಲು ಶಿಫಾರಸು ಬರೆದವರೂ ಅವರೇ. ಆ ಫೈಲು ಶುಕ್ರವಾರ ಮೇಲಿನ ಕಚೇರಿಗೆ ಹೋಗುವುದಿತ್ತು. ಹದಿನೆಂಟು ವರ್ಷ ಕಾದ ಫೈಲು ಅದು, ಅವರ ಮೇಜಿನ ಎಡ ಮೂಲೆಯಲ್ಲಿ ಹಸಿರು ದಾರ ಕಟ್ಟಿಸಿಕೊಂಡು ಮಲಗಿತ್ತು.

ಅವರು ಪರದೆಯಿಂದ ಕಣ್ಣು ತೆಗೆಯದೆ, ಈಗೊಂದು ಕೋಡು ಬರುತ್ತೆ, ಓದಿ ಎಂದರು. ಫೋನು ಗುಂಯ್ ಎಂದಿತು. ಅಭ್ಯಾಸಬಲ ಎಂದರೆ ಇದು: ಅವಳ ಬಾಯಿ ತಾನಾಗಿಯೇ ತೆರೆದು 'ನಾಲ್ಕು, ಒಂದು, ಒಂಬತ್ತು' ಎಂದುಬಿಟ್ಟಿತು. ಅವರ ಬೆರಳು ಮೂರು ಸಲ ಟಕ್‌ಟಕ್ ಎಂದಿತು. ನಾಲ್ಕನೆಯ ಅಂಕಿ ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳಿಗೆ ಹೊಳೆಯಿತು, ಈ ಕೋಣೆಯಲ್ಲಿ ಪಾಸ್‌ವರ್ಡ್ ಮರೆತವರು ಯಾರೂ ಇಲ್ಲ. ಪ್ರಿನ್ಸಿಪಾಲರ ಖಾತೆಗೂ ಅವಳ ನಂಬರಿಗೂ ಸಂಬಂಧವೇ ಇಲ್ಲ.

"ಇದು ಯಾರ ಮೇಲ್ ಸರ್?" ಎಂದು ಕೇಳಿದಳು.

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ವಿಳಾಸದಲ್ಲಿ ಮನುಷ್ಯರ ಹೆಸರಿರಲಿಲ್ಲ. ಮಿಂಚುಳ್ಳಿ ಎಂಬ ಹಕ್ಕಿಯ ಹೆಸರು, ಮುಂದೆ ಎರಡು ಅಂಕಿ. ಅಕ್ಕನಿಗೆ ಕೂಡಲೇ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ಹದಿನೇಳನೆಯ ಮಷೀನಿನ ಹುಡುಗಿ, ನನ್ನ ಹೆಸರೇ ಇರಬೇಕಾ ಅಕ್ಕ, ಹಕ್ಕಿ ಹೆಸರಿಟ್ಟರೆ ನಡೆಯುತ್ತಾ ಎಂದು ಕೇಳಿದ್ದಳು. ನಡೆಯುತ್ತೆ, ಹಾರಿ ಹೋಗದಿದ್ದರೆ ಸರಿ ಎಂದು ಅಕ್ಕ ನಕ್ಕಿದ್ದಳು. ಈಗ ನಗು ಬರಲಿಲ್ಲ.

ಪ್ರಿನ್ಸಿಪಾಲರು ವಿಷಯ ಹೇಳಿದರು. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಪ್ರತಿ ಭಾನುವಾರ ಎಲ್ಲರ ಮೊಬೈಲು ತೆಗೆದುಕೊಂಡು, ಬೀಗ ತೆಗೆಸಿ, ಸಂದೇಶಗಳನ್ನೂ ಫೋಟೋಗಳನ್ನೂ ನೋಡುವುದು ನಾಲ್ಕು ತಿಂಗಳಿಂದ ನಡೆದಿದೆ. ಹೋದ ತಿಂಗಳು ಒಬ್ಬ ಹುಡುಗಿಗೆ ಬಂದ ಸಂದೇಶವನ್ನು ಊಟದ ಹಾಲಿನಲ್ಲಿ ಎಲ್ಲರೆದುರು ಓದಲಾಯಿತಂತೆ. ಯಾರೋ ಅದನ್ನೆಲ್ಲ ದಿನಾಂಕ ಸಮೇತ ಬರೆದು ಮೇಲಿನ ಮಂಡಳಿಗೆ ದೂರು ಕಳಿಸಿದ್ದಾರೆ. ಮಂಡಳಿ ಅದರ ನಕಲು ಕಳಿಸಿ ವಾರದೊಳಗೆ ವಿವರಣೆ ಕೇಳಿದೆ. ಹೆಸರಿಲ್ಲ, ಈ ವಿಳಾಸ ಮಾತ್ರ ಇದೆ. ಇವರು ಆ ವಿಳಾಸ ಹಾಕಿ, ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದ್ದಾರೆ. ಕೋಡು ಹೋಗುವ ನಂಬರಿನ ಕೊನೆಯ ಎರಡು ಅಂಕಿಯನ್ನು ಅದು ತೋರಿಸಿದೆ. ಏಳು, ಮೂರು. ಏಳು ಮೂರರಲ್ಲಿ ಮುಗಿಯುವ ಅಕ್ಕನ ನಂಬರು ಲ್ಯಾಬಿನ ನೋಟಿಸ್ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿದೆ.

ಶಿಕ್ಷೆ ಕೊಡಲು ಅಲ್ಲ, ಯಾರು ಅಂತ ಗೊತ್ತಾದರೆ ಅಪ್ಪ ಅಮ್ಮನನ್ನು ಕರೆಸಿ ಬುದ್ಧಿ ಹೇಳುತ್ತೇನೆ ಎಂದರು. ಹಾಸ್ಟೆಲಿಗೆ ಸೇರುವಾಗ ತಪಾಸಣೆಗೆ ಒಪ್ಪಿದ್ದೇವೆ ಅಂತ ಅಪ್ಪಂದಿರೂ ಮಕ್ಕಳೂ ಸಹಿ ಮಾಡಿಕೊಟ್ಟಿದ್ದಾರೆ, ಎಲ್ಲ ನಿಯಮದ ಪ್ರಕಾರವೇ ಎಂದೂ ಸೇರಿಸಿದರು. ಅಕ್ಕನ ಕಿವಿಯಲ್ಲಿ ಉಳಿದದ್ದು ಅಪ್ಪ ಅಮ್ಮನನ್ನು ಕರೆಸುತ್ತೇನೆ ಅನ್ನುವುದೊಂದೇ. ಹದಿನೇಳನೆಯವಳ ಅಪ್ಪ ಮಗಳನ್ನು ಓದಲು ಬಿಟ್ಟದ್ದೇ ಒಂದು ಷರತ್ತಿನ ಮೇಲೆ: ಕಾಲೇಜಿನಿಂದ ಒಂದು ಫೋನು ಬಂದರೂ ಸಾಕು, ಅವತ್ತೇ ಪೆಟ್ಟಿಗೆ ಕಟ್ಟಬೇಕು. ಹುಡುಗಿ ಇದನ್ನು ನಗುತ್ತಲೇ ಅಕ್ಕನಿಗೆ ಹೇಳಿದ್ದಳು. ಕೊನೆಯ ವರ್ಷ, ಇನ್ನು ಐದು ತಿಂಗಳು ಉಳಿದಿತ್ತು.

ಅಕ್ಕ ತಲೆ ತಗ್ಗಿಸಿ ನಿಂತಳು. ಅವಳೇನೂ ಸಿಡಿದೇಳಲಿಲ್ಲ. ಸ್ವಲ್ಪ ಸಮಯ ಕೊಡಿ ಸರ್ ಎಂದಳು, ಅಷ್ಟೇ. ಅವಳ ಧೈರ್ಯ ಆ ಹೊತ್ತಿಗೆ ಅಷ್ಟೇ ಇತ್ತು.

"ನಾಲ್ಕು ಗಂಟೆಗೆ ಬನ್ನಿ," ಎಂದರು ಅವರು. "ಒಂದು ಮಾತು ಯೋಚನೆ ಮಾಡಿ. ನಾನೂರು ಮಕ್ಕಳ ಖಾತೆಗೆ ನಿಮ್ಮ ಸ್ವಂತ ನಂಬರು ಹಾಕಿಟ್ಕೊಂಡಿದ್ದೀರಿ. ಇದನ್ನ ನಾನು ಬರೆದು ಮೇಲೆ ಕಳಿಸಿದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು."

ಅವರ ದನಿ ಏರಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು. ಹೊರಗೆ ಬರುವಾಗ ಅವರ ಪರದೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಚಿತ್ರ ಕಂಡಿತು. ಅವಳ ಲ್ಯಾಬು. ನಲವತ್ತು ಮಷೀನು, ಖಾಲಿ ಕುರ್ಚಿಗಳು, ಅರ್ಧ ಮಡಿಸಿಟ್ಟ ಹೊದಿಕೆ. ಹೋದ ವರ್ಷ ಗೋಡೆಯ ಮೇಲೆ ಕೂರಿಸಿದ ಕ್ಯಾಮೆರಾ ಇಲ್ಲಿಗೆ ಕಣ್ಣು ಬಿಟ್ಟಿದೆ ಎಂದು ಅವಳಿಗೆ ಅವತ್ತೇ ತಿಳಿದದ್ದು.

ಅಕ್ಕ ಲ್ಯಾಬಿಗೆ ವಾಪಸು ಬಂದಳು. ಕ್ಯಾಮೆರಾ ಕಾಣದ ಕಪಾಟಿನ ಮರೆಯಲ್ಲಿ ನಿಂತು ಗಂಡನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅತ್ತ ಹೊಲಿಗೆ ಯಂತ್ರದ ಸದ್ದು ನಿಂತಿತು. ಹದಿನೆಂಟು ವರ್ಷ ಕಾದಿದ್ದೀಯ, ಯಾರ ಮನೆಯದೋ ಹುಡುಗಿ, ಅವರೇ ಶಿಕ್ಷೆ ಇಲ್ಲ ಅಂದಿದ್ದಾರಲ್ಲ ಎಂದು ಅವನು ಶುರು ಮಾಡಿದ. ನಡುವೆ ತಾನೇ ಅದನ್ನು ಬಿಟ್ಟುಬಿಟ್ಟ. ಆಮೇಲೆ, "ನಿನಗೆ ರಾತ್ರಿ ನಿದ್ದೆ ಬರೋ ಹಾಗೆ ಮಾಡು. ನಿದ್ದೆ ಬರದೆ ನೀನು ಹೊರಳಾಡಿದ್ರೆ ನನಗೂ ಬರಲ್ಲ," ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ಮಾತು, ಆದರೂ ಅವಳಿಗೆ ಅಷ್ಟು ಬೆಳಕು ಸಾಕಾಯಿತು.

ಕೋಡು ಹೇಳುವುದಿಲ್ಲ, ಅದಂತೂ ತೀರ್ಮಾನವಾಯಿತು. ಆದರೆ ಹೇಳದಿದ್ದರೆ ಸಾಲದು. ಫೋನು ಕಸಿದುಕೊಂಡರೆ? ಇಲ್ಲಿಟ್ಟು ಹೋಗಿ ಅಂದರೆ? ಹದಿನೇಳನೆಯವಳ ಖಾತೆಯಿಂದ ತನ್ನ ನಂಬರೇ ಹೋಗಬೇಕು. ಅದನ್ನು ತೆಗೆಯಲು ಆ ಹುಡುಗಿಯೇ ಬಂದು, ತನ್ನ ಪಾಸ್‌ವರ್ಡ್ ಹಾಕಿ, ತಾನೇ ಅಳಿಸಬೇಕು. ಅವಳ ಬ್ಯಾಚು ಬರುವುದು ಎರಡೂ ಮುಕ್ಕಾಲಿಗೆ. ಬಂದ ಕೂಡಲೇ ಕಿವಿಯಲ್ಲಿ ಹೇಳಿದರಾಯಿತು ಅಂದುಕೊಂಡಳು. ಮರುಕ್ಷಣ ಗೋಡೆಯ ಕ್ಯಾಮೆರಾ ನೆನಪಾಯಿತು. ನಲವತ್ತು ಮಕ್ಕಳಲ್ಲಿ ಒಬ್ಬಳ ಹತ್ತಿರ ಹೋಗಿ ಬಗ್ಗಿದರೆ ಮುಗಿಯಿತು, ಅಲ್ಲಿ ಕೂತವರು ನೋಡುತ್ತಿದ್ದಾರೆ. ಹೆಸರನ್ನು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇಲ್ಲ, ಬೆರಳಿಟ್ಟು ತೋರಿಸಿದ ಹಾಗೇ ಆಯಿತು.

ಒಬ್ಬಳ ಹತ್ತಿರ ಹೋಗಬಾರದು ಅಂದರೆ ಎಲ್ಲರ ಹತ್ತಿರವೂ ಹೋಗಬೇಕು. ಈ ಯೋಚನೆ ಬಂದಾಗ ಅವಳಿಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಹುಡುಗಿಗೆ ಆಪತ್ತು ಬಂದದ್ದರಿಂದ ಈಗ ಹೊಳೆಯಿತು, ಉಳಿದ ಮುನ್ನೂರ ತೊಂಬತ್ತೊಂಬತ್ತು ಮಕ್ಕಳ ಬಾಗಿಲೂ ತನ್ನ ಕೈಚೀಲದಲ್ಲೇ ತೆರೆದು ಬಿದ್ದಿತ್ತಲ್ಲ, ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ?

ಹನ್ನೊಂದೂವರೆಯ ಬ್ಯಾಚು ಬಂದು ಕೂತಾಗ ಅಕ್ಕ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: 'ಇವತ್ತಿನ ಪಾಠ – ನಿಮ್ಮ ಮೇಲ್ ಖಾತೆಯಿಂದ ನನ್ನ ನಂಬರು ತೆಗೆಯುವುದು.' ಪಾಠ ಮಾಡುವ ಮೇಷ್ಟ್ರು ಅವಳ ಮುಖ ನೋಡಿ, ಏನನ್ನಿಸಿತೋ, ಪುಸ್ತಕ ಮುಚ್ಚಿ ಹಿಂದಿನ ಬೆಂಚಿಗೆ ಹೋಗಿ ಕೂತರು. ಅಕ್ಕ ಮಕ್ಕಳ ಕಡೆ ತಿರುಗಿದಳು. ಹದಿನೆಂಟು ವರ್ಷದಲ್ಲಿ ಅವಳು ಅವರೆದುರು ಭಾಷಣ ಮಾಡಿದವಳಲ್ಲ.

"ನಾನೊಂದು ತಪ್ಪು ಮಾಡಿದ್ದೀನಿ," ಎಂದಳು. "ನಿಮ್ಮ ಖಾತೆಗೆ ನನ್ನ ನಂಬರು ಹಾಕಿದ್ದೀನಿ. ಈ ಫೋನು ಯಾರ ಕೈಗೆ ಸಿಕ್ಕಿದ್ರೂ ಅವರು ನಿಮ್ಮ ಕಾಗದ ಎಲ್ಲ ಓದಬಹುದು. ಮಷೀನು ಕಾಲೇಜಿನದು, ಕುರ್ಚಿ ಕಾಲೇಜಿನದು. ನಿಮ್ಮ ಮೇಲ್ ನಿಮ್ಮದು. ನಾನೇ ಆಗಲಿ, ಬೇರೆ ಯಾರೇ ಆಗಲಿ, ಅದನ್ನ ತೆಗೆದುಕೊಡಿ ಅಂತ ಕೇಳೋ ಹಾಗಿಲ್ಲ. ಈಗ ನನ್ನ ನಂಬರು ಅಳಿಸಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಒಂಬತ್ತನೆಯವನು, ನಿಮ್ಮ ಹತ್ತಿರ ಇದ್ದರೆ ಏನಕ್ಕ, ನೀವೇನು ಹೊರಗಿನವರಾ ಎಂದ. ಅಕ್ಕ ಗದರಿಸಿ ಕೂರಿಸಿದಳು. ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಪಾಸ್‌ವರ್ಡ್ ನೆನಪಿದ್ದವರು ಎರಡು ನಿಮಿಷದಲ್ಲಿ ಅಳಿಸಿದರು. ಮರೆತವರಿಗೆ ಮಾತ್ರ ಕೋಡು ಬೇಕು, ಮರೆತವರೇ ಅರ್ಧ. ಎಲ್ಲರೂ ಒಟ್ಟಿಗೆ ಒತ್ತಿದರೆ ಯಾರ ಕೋಡು ಯಾವುದು ಅಂತ ಬ್ರಹ್ಮನಿಗೂ ತಿಳಿಯದು. ಒಬ್ಬರಾದ ಮೇಲೆ ಒಬ್ಬರು ಕೈ ಎತ್ತಬೇಕು ಎಂದಳು. ಇಂದು ಕೋಡನ್ನು ಗಟ್ಟಿಯಾಗಿ ಓದಲಿಲ್ಲ. ಫೋನನ್ನು ಅವರ ಕೈಗೇ ಕೊಟ್ಟು, ಅವರು ಟೈಪ್ ಮಾಡುವಾಗ ಬೇರೆ ಕಡೆ ನೋಡಿದಳು. ಹೊಸ ನಂಬರು ಇರುವವರು ಹಾಕಿಕೊಂಡರು, ಇಲ್ಲದವರು ಹಾಗೇ ಬಿಟ್ಟರು. ಇನ್ನು ಮುಂದೆ ಮರೆತರೆ ದೇವರೇ ಗತಿ, ನಾನಲ್ಲ ಎಂದಳು.

ಒಂದು ಗಂಟೆಯ ಹೊತ್ತಿಗೆ ಸುದ್ದಿ ಕ್ಯಾಂಟೀನಿಗೆ ಹೋಗಿ, ಅಲ್ಲಿಂದ ಗ್ರಂಥಾಲಯಕ್ಕೆ ಹೋಗಿ, ಮೆಟ್ಟಿಲ ಮೇಲೆ ಸಾಲು ಬೆಳೆಯಿತು. ಅಕ್ಕ ಊಟದ ಡಬ್ಬಿ ತೆಗೆಯಲೇ ಇಲ್ಲ. ನಡುನಡುವೆ ಯಾರೂ ಒತ್ತದ ಕೋಡು ಒಂದೊಂದು ಬಂದು ಬೀಳುತ್ತಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತವರ ತಾಳ್ಮೆಯ ಲೆಕ್ಕ ಅದರಲ್ಲೇ ಗೊತ್ತಾಗುತ್ತಿತ್ತು.

ಎರಡೂ ಮುಕ್ಕಾಲಿಗೆ ಕೊನೆಯ ಬ್ಯಾಚು ಬಂತು. ಹದಿನೇಳನೆಯವಳು ಬೋರ್ಡು ಓದಿದಳು, ಗೋಡೆಗೆ ಕೈಯಿಟ್ಟಳು. ಅಕ್ಕ ಅವಳ ಕಡೆ ನೋಡಲೇ ಇಲ್ಲ. ಒಂದನೇ ಮಷೀನಿನಿಂದ ಶುರು ಮಾಡಿದಳು. ಎರಡು, ಮೂರು, ನಾಲ್ಕು. ನಿಧಾನ ಮಾಡಿದರೆ ನಾಲ್ಕು ಗಂಟೆ ಆಗಿಬಿಡುತ್ತದೆ, ಸಾಲು ತಪ್ಪಿಸಿ ಹೋದರೆ ಗುರುತಾಗಿಬಿಡುತ್ತದೆ. ಹನ್ನೊಂದನೆಯವನು ತನ್ನ ಹುಟ್ಟಿದ ದಿನವನ್ನೇ ಎರಡು ಸಲ ತಪ್ಪು ಹಾಕಿದಾಗ ಅವನ ತಲೆಗೊಂದು ಮೊಟಕಬೇಕು ಅನ್ನಿಸಿತು.

ಹದಿನೇಳಕ್ಕೆ ಬಂದಾಗ ಮೂರೂ ಇಪ್ಪತ್ತೈದು. ಹುಡುಗಿ ಪಾಸ್‌ವರ್ಡ್ ಹಾಕಿದ್ದಳು, ಆದರೆ ಬೆಳಗಿನಿಂದ ಯಾರೋ ಬಾಗಿಲು ತಟ್ಟುತ್ತಿರುವುದರಿಂದ ಮೇಲ್ ಕಂಪನಿಗೇ ಅನುಮಾನ ಬಂದು, ನೀವೇ ಅಂತ ನಂಬಲು ಕೋಡು ಬೇಕು ಎಂದು ಪಟ್ಟು ಹಿಡಿದಿತ್ತು. ಅಕ್ಕ ಎಲ್ಲರ ಹತ್ತಿರ ಬಗ್ಗಿದಷ್ಟೇ ಬಗ್ಗಿದಳು. ಹುಡುಗಿ ತುಟಿ ಅಲ್ಲಾಡಿಸದೆ ಹೇಳಿದಳು:

"ಬೇರೆ ಮೇಲ್ ಮಾಡಿ ಕಳಿಸೋಣ ಅಂತಿದ್ದೆ ಅಕ್ಕ. ಆಮೇಲೆ, ಇದಕ್ಕೆ ನಿಮ್ಮ ನಂಬರಿದೆಯಲ್ಲ, ಇದೇ ಭದ್ರ ಅಂತ ಇದರಿಂದಲೇ ಕಳಿಸಿದೆ."

ಅಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಬೈದಿದ್ದರೆ ಎಷ್ಟೋ ವಾಸಿ. ಒತ್ತು ಎಂದು ಸನ್ನೆ ಮಾಡಿದಳು.

ಆಗಲೇ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮಕ್ಕಳೆಲ್ಲ ಎದ್ದು ನಿಂತರು. ಪ್ರಿನ್ಸಿಪಾಲರು ಕೂರಿ ಕೂರಿ ಎನ್ನುತ್ತ ಒಳಗೆ ಬಂದು, ಬೋರ್ಡು ಓದಿ, ಮೊದಲ ಸಾಲಿನ ಹಿಂದೆ ನಡೆಯತೊಡಗಿದರು. ಒಂದೊಂದು ಪರದೆಯ ಮೇಲೂ ಕಣ್ಣು ಹಾಯಿಸುತ್ತಿದ್ದರು. ಮೂರನೆಯ ಸಾಲಿನಲ್ಲಿ ಹದಿನೇಳರ ಪರದೆಯ ಮೇಲೆ ಮಿಂಚುಳ್ಳಿ ದಪ್ಪ ಅಕ್ಷರದಲ್ಲಿ ಕೂತಿತ್ತು. ಹುಡುಗಿಯ ಕೈ ಮೌಸಿನ ಮೇಲೆ ಕಲ್ಲಾಗಿತ್ತು. ಪರದೆ ಮುಚ್ಚಿದರೂ ಅನುಮಾನ, ಬಿಟ್ಟರೂ ಅಪಾಯ.

ಅವರು ಎರಡನೆಯ ಸಾಲಿಗೆ ತಿರುಗಿದರು. ಅಕ್ಕ ಎರಡು ಸಾಲಿನ ನಡುವಿನ ದಾರಿಗೆ ಬಂದು ಅಡ್ಡ ನಿಂತಳು. ಯಾಕೆ ಬಂದೆ ಅಂತ ಅವಳ ಕಾಲನ್ನೇ ಕೇಳಬೇಕು, ತಲೆ ಇನ್ನೂ ಹಿಂದೆಯೇ ಇತ್ತು.

"ಸರ್, ಮಕ್ಕಳು ಪಾಸ್‌ವರ್ಡ್ ಹಾಕ್ತಾ ಇದ್ದಾರೆ. ಈ ಹೊತ್ತಿನಲ್ಲಿ ಯಾರೂ ನೋಡಬಾರದು. ನೀವು ಹೊರಗೆ ನಿಲ್ಲಬೇಕು."

ನಲವತ್ತು ಮಷೀನುಗಳ ಫ್ಯಾನಿನ ಸದ್ದು ಅಷ್ಟು ಜೋರಾಗಿ ಯಾವತ್ತೂ ಕೇಳಿಸಿರಲಿಲ್ಲ. ಪ್ರಿನ್ಸಿಪಾಲರು ಅವಳನ್ನೇ ನೋಡಿದರು. ಅವರ ಕಿವಿ ಕೆಂಪಾಯಿತು. ಈ ಬ್ಯಾಚಿಗೂ ಪಾಠ ಮಾಡಬೇಕಿದ್ದ ಅದೇ ಮೇಷ್ಟ್ರು ಹಿಂದಿನ ಬೆಂಚಿನಿಂದ ಎದ್ದು, ತಾವೇ ಮೊದಲು ಹೊರಗೆ ನಡೆದರು. ಮೇಷ್ಟ್ರು ಹೋದ ಮೇಲೆ ಪ್ರಿನ್ಸಿಪಾಲರಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. ನಾಲ್ಕು ಗಂಟೆ ಎಂದಷ್ಟೇ ಹೇಳಿ ಹೋದರು.

ಅಕ್ಕ ಹದಿನೇಳಕ್ಕೆ ವಾಪಸು ಬಂದಳು, ಹುಡುಗಿ ಒತ್ತಿದಳು. ಫೋನು ಒಮ್ಮೆಗೇ ಎರಡು ಸಲ ಗುಂಯ್ ಎಂದಿತು. ಎರಡು ಕೋಡು, ಒಂದು ಈ ಹುಡುಗಿ ಒತ್ತಿದ್ದು, ಇನ್ನೊಂದು ಯಾರದೋ. ಹುಡುಗಿ ಮೊದಲನೆಯದು ಹಾಕಿದಳು, ತಪ್ಪು ಎಂದಿತು. ಮೂರು ಸಲ ತಪ್ಪಿದರೆ ಖಾತೆ ಒಂದು ದಿನ ಮುಚ್ಚಿಕೊಳ್ಳುತ್ತದೆ, ಅಕ್ಕನಿಗೆ ಗೊತ್ತಿತ್ತು, ಹೇಳಲಿಲ್ಲ. ಹುಡುಗಿ ಎರಡನೆಯದನ್ನು ಒಂದೊಂದೇ ಅಂಕಿ ಒತ್ತಿ ಹಾಕಿದಳು. ತೆರೆಯಿತು. ಏಳು ಮೂರರಲ್ಲಿ ಮುಗಿಯುವ ನಂಬರಿನ ಎದುರು 'ಅಳಿಸಿ' ಎಂದಿತ್ತು, ಅಳಿಸಿದಳು. ಪಾಸ್‌ವರ್ಡನ್ನೂ ಬದಲಾಯಿಸಿದಳು. ಅಕ್ಕ ಆಗಲೇ ಹದಿನೆಂಟರ ಕಡೆ ತಿರುಗಿ, ಅವನು ಕೈ ಎತ್ತದೆ ಒತ್ತಿದ್ದಕ್ಕೆ ಬೈಯುತ್ತಿದ್ದಳು. ಇನ್ನೊಂದು ಕೋಡು ಅವನದಾಗಿತ್ತು.

ನಾಲ್ಕು ಗಂಟೆಗೆ ಅವಳು ಪ್ರಿನ್ಸಿಪಾಲರ ಮೇಜಿನ ಮೇಲೆ ಫೋನು ಇಟ್ಟಳು. ಅವರು ವಿಳಾಸ ಹಾಕಿ ಒತ್ತಿದರು. ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಇನ್ನೊಮ್ಮೆ ಒತ್ತಿದರು. ಫೋನು ಮಿಸುಕಲಿಲ್ಲ. ಈ ಖಾತೆಗೆ ಯಾವ ನಂಬರೂ ಇಲ್ಲ ಎಂದು ಪರದೆ ಹೇಳಿತು.

"ಯಾರು ಅಂತ ನಿಮಗೆ ಗೊತ್ತು," ಎಂದರು.

"ಗೊತ್ತು ಸರ್. ಹೇಳಲ್ಲ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಮಧ್ಯಾಹ್ನವೇ ಟೈಪ್ ಮಾಡಿಸಿಟ್ಟಿದ್ದ ಒಂದು ಹಾಳೆ ಮುಂದಿಟ್ಟರು. ನಾನೂರು ವಿದ್ಯಾರ್ಥಿಗಳ ವೈಯಕ್ತಿಕ ಖಾತೆಗಳಿಗೆ ಸ್ವಂತ ಫೋನ್ ನಂಬರು ಜೋಡಿಸಿಕೊಂಡಿದ್ದು ಗಂಭೀರ ಲೋಪವೆಂದೂ, ಅದನ್ನು ತಾನು ಒಪ್ಪಿಕೊಂಡಿರುವುದಾಗಿಯೂ ಬರೆದಿತ್ತು. ಹಸಿರು ದಾರದ ಫೈಲನ್ನು ಅದರ ಪಕ್ಕಕ್ಕೆ ಸರಿಸಿದರು. ಒಂದು ಹೆಸರು ಹೇಳಿದರೆ ಈ ಹಾಳೆ ಕಸದ ಬುಟ್ಟಿಗೆ, ಹೇಳದಿದ್ದರೆ ಈ ಫೈಲಿನ ಮೇಲಕ್ಕೆ ಎಂದರು. ಅವರ ದನಿಯಲ್ಲಿ ದಣಿವಿತ್ತು, ಅವರಿಗೂ ಇದು ಬೇಕಿರಲಿಲ್ಲ ಅನ್ನಿಸುತ್ತದೆ.

ಅಕ್ಕ ಹಾಳೆಯನ್ನು ಎರಡು ಸಲ ಓದಿದಳು. ಎಲ್ಲಾದರೂ ಒಂದು ಸುಳ್ಳು ಸಿಗಲಿ, ಸಹಿ ಹಾಕಲ್ಲ ಅನ್ನಬಹುದು ಎಂದು ಹುಡುಕಿದಳು. ಸಿಗಲಿಲ್ಲ. ಪೆನ್ನು ಕೇಳಿದಳು.

"ಇದು ನನ್ನ ತಪ್ಪು ಸರ್, ಸಹಿ ಹಾಕ್ತೀನಿ," ಎಂದಳು. "ಆ ದೂರಿನ ಕಾಗದದಲ್ಲಿ ಬರೆದಿರೋದರಲ್ಲಿ ಒಂದಾದ್ರೂ ಸುಳ್ಳಿದೆಯಾ, ಅದನ್ನ ನೀವು ಒಂದು ಸಲ ಓದಿ."

ಅವಳು ಸಹಿ ಹಾಕಿ, ಲ್ಯಾಬಿನ ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಬಂದಳು. ಮೆಟ್ಟಿಲಿಳಿಯುವಾಗ ಅತ್ತಳು.

ಖಾಯಂ ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರಿರಲಿಲ್ಲ. ಅವಳನ್ನು ಸ್ಟೇಷನರಿ ಉಗ್ರಾಣಕ್ಕೆ ಹಾಕಿದರು. ಕಿಟಕಿಯಷ್ಟಗಲದ ಕೋಣೆ, ಉತ್ತರಪತ್ರಿಕೆಯ ಕಟ್ಟುಗಳು, ಸೀಮೆಸುಣ್ಣದ ಪೆಟ್ಟಿಗೆಗಳು, ಗ್ರಾಫ್ ಹಾಳೆಗಳು. ಅಲ್ಲಿಂದಲೇ ಅವಳು ಅವತ್ತು ಬರದಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಗ್ರಂಥಾಲಯದ ಕಂಪ್ಯೂಟರಿಗೆ ಅಟ್ಟಿ ತನ್ನ ನಂಬರು ಅಳಿಸಿಸಿದಳು. ತಿಂಗಳು ಹಿಡಿಯಿತು. ಮಂಡಳಿಯಿಂದ ಇಬ್ಬರು ಬಂದು ಹಾಸ್ಟೆಲಿನಲ್ಲಿ ಒಂದು ಇಡೀ ದಿನ ಕೂತು ಹೋದರು. ಆ ಭಾನುವಾರದಿಂದ ಮೊಬೈಲು ತಪಾಸಣೆ ನಿಂತಿತು. ಯಾರೂ ಯಾವ ಅಪ್ಪನಿಗೂ ಫೋನು ಮಾಡಲಿಲ್ಲ.

ಪರೀಕ್ಷೆಗೆ ವಾರವಿರುವಾಗ ಹದಿನೇಳನೆಯವಳು ಗ್ರಾಫ್ ಹಾಳೆ ಬೇಕೆಂದು ಉಗ್ರಾಣದ ಕಿಟಕಿಗೆ ಬಂದಳು. ಹಾಳೆ ನೆಪ. ಕಾರಿಡಾರಿನಲ್ಲಿ ಯಾರೂ ಇಲ್ಲ ಎಂದು ನೋಡಿಕೊಂಡು, ನಾನೇ ಬರೆದದ್ದು ಅಂತ ಪ್ರಿನ್ಸಿಪಾಲರಿಗೆ ಹೇಳಿಬಿಡುತ್ತೇನೆ, ನಿಮ್ಮ ಫೈಲು ಕಳಿಸಲಿ ಎಂದಳು. ಎಷ್ಟು ದಿನದಿಂದ ಕಟ್ಟಿಟ್ಟುಕೊಂಡಿದ್ದಳೋ, ಮಾತು ಒಂದೇ ಉಸಿರಿಗೆ ಬಂತು.

"ಬಾಯಿ ಮುಚ್ಚು," ಎಂದಳು ಅಕ್ಕ. "ನಾನು ಸಹಿ ಹಾಕಿದ್ದು ನನ್ನ ತಪ್ಪಿಗೆ. ನೀನು ತಪ್ಪೇ ಮಾಡಿಲ್ಲ, ಯಾವುದಕ್ಕೆ ಸಹಿ ಹಾಕ್ತೀಯ? ಪರೀಕ್ಷೆ ಬರಿ, ಹೋಗು."

ಹುಡುಗಿ ಹೋಗಲಿಲ್ಲ. ಕಣ್ಣು ತುಂಬಿತ್ತು. ಏನಾದರೂ ಕೊಡಬೇಕು ಅನ್ನಿಸಿರಬೇಕು, ಕೊಡಲು ಅವಳ ಹತ್ತಿರ ಇದ್ದದ್ದು ಒಂದೇ. ಕಿಟಕಿಯ ಸರಳಿಗೆ ಮುಖ ತಂದು, ಹೊಸ ಪಾಸ್‌ವರ್ಡ್ ನಿಮ್ಮದೇ ಒಂದು ಮಾತು ಇಟ್ಟಿದ್ದೀನಿ ಅಕ್ಕ, ಏನು ಅಂದರೆ ಎಂದು ಪಿಸುಗುಟ್ಟತೊಡಗಿದಳು.

ಅಕ್ಕ ಸರಳುಗಳ ನಡುವೆ ಕೈ ಹಾಕಿ ಅವಳ ಬಾಯಿ ಮುಚ್ಚಿದಳು.

"ನನಗೂ ಹೇಳಬಾರದು ಕಣೇ," ಎಂದಳು. ಆಮೇಲೆ ಕೈ ತೆಗೆದು, ಹತ್ತು ಗ್ರಾಫ್ ಹಾಳೆ ಎಣಿಸಿ ಕೊಟ್ಟಳು.